ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಮತ್ತು ಮರಿಮಲ್ಲಪ್ಪ ಪ್ರೌಢಶಾಲೆ

ಪೀಠಿಕೆ

ಈ ಪುಟವನ್ನು ವೀಕ್ಷಿಸುವ ಸಾರ್ವಜನಿಕರಲ್ಲಿ ಬಹುಪಾಲು ಜನರು ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯದ ಪ್ರವೇಶ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣ ಪತ್ರ ಮುಂತಾದ ಸೇವೆಗಳನ್ನು ಕೋರಿ ಬರುವವರಾಗಿರುತ್ತಾರೆ. ಇವು ಇಂದು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಪಡೆಯಬಹುದಾದ ಸೌಲಭ್ಯಗಳು. ಸುಮಾರು ನೂರೈವತ್ತು ವರ್ಷಗಳ ಹಿಂದೆ ಮೈಸೂರು ನಗರದಲ್ಲಿ ಇಂತಹ ಅರ್ಜಿಯೂ ಇರಲಿಲ್ಲ, ಅರ್ಜಿಯನ್ನು ಸ್ವೀಕರಿಸುವ ಕಛೇರಿಯೂ ಇರಲಿಲ್ಲ. ಹಳ್ಳಿಯಿಂದ ಓದಲು ಬಂದ ಬಡ ಬಾಲಕನಿಗೆ ಊಟ ದೊರೆತರೆ ಓದು ಮುಂದುವರಿಯುತ್ತಿತ್ತು; ದೊರೆಯದಿದ್ದರೆ ಆತ ಊರಿಗೆ ಹಿಂದಿರುಗುತ್ತಿದ್ದನು. ಆ ಕಾಲದಲ್ಲಿ ಇಂತಹ ಬಾಲಕರ ಹೊಣೆಯನ್ನು ತಮ್ಮದೆಂದು ಭಾವಿಸಿ ದುಡಿದ ಶಿಕ್ಷಕರೊಬ್ಬರ ಜೀವನ ಚರಿತ್ರೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಅವರೇ ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಶ್ರೀ ಎಂ. ವೆಂಕಟಕೃಷ್ಣಯ್ಯನವರು. ಊರಿನ ಜನರು ಪ್ರೀತಿಯಿಂದ ಅವರನ್ನು ತಾತಯ್ಯ ಎಂದು ಕರೆದರು. ಆ ಹೆಸರೇ ಉಳಿಯಿತು.

ಸಂಕ್ಷಿಪ್ತ ವಿವರ

ಹೆಸರು: ಶ್ರೀ ಎಂ. ವೆಂಕಟಕೃಷ್ಣಯ್ಯ (ತಾತಯ್ಯ)
ಜನನ: 1844
ಜನ್ಮಸ್ಥಳ: ಮಗ್ಗೆ ಗ್ರಾಮ, ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ
ವೃತ್ತಿ: ಶಿಕ್ಷಕರು, ಮುಖ್ಯೋಪಾಧ್ಯಾಯರು, ಮರಿಮಲ್ಲಪ್ಪ ಪ್ರೌಢಶಾಲೆ, ಮೈಸೂರು
ಇತರೆ ಸೇವೆ: ಪತ್ರಿಕಾ ಸಂಪಾದಕರು, ಗ್ರಂಥಕರ್ತರು, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರು
ನಿಧನ: 1933

ಜನನ ಮತ್ತು ಕಾಲದ ಹಿನ್ನೆಲೆ

ವೆಂಕಟಕೃಷ್ಣಯ್ಯನವರು ಜನಿಸಿದ ಮಗ್ಗೆ ಗ್ರಾಮವು ಮೈಸೂರು ನಗರದಿಂದ ನೈಋತ್ಯ ದಿಕ್ಕಿಗೆ, ಕಾಡಿನ ಅಂಚಿನ ಹೆಗ್ಗಡದೇವನಕೋಟೆ ಸೀಮೆಯಲ್ಲಿದೆ. ಅವರು ಹುಟ್ಟಿದಾಗ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮೀಷನರುಗಳ ಕೈಯಲ್ಲಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡ ಬ್ರಿಟಿಷರು ಅದನ್ನು ಹಿಂದಿರುಗಿಸಿದ್ದು 1881ರಲ್ಲಿ. ಹೀಗೆ ವೆಂಕಟಕೃಷ್ಣಯ್ಯನವರ ಬಾಲ್ಯ, ಯೌವನ ಹಾಗೂ ಶಿಕ್ಷಕ ವೃತ್ತಿಯ ಆರಂಭ ಕಮೀಷನರುಗಳ ಕಾಲದಲ್ಲಿಯೇ ಕಳೆದವು.

ಆ ದಿನಗಳಲ್ಲಿ ಹಳ್ಳಿಗಳಲ್ಲಿ ಇದ್ದದ್ದು ಐಗಳ ಮಠಗಳು ಅಥವಾ ಕೂಲಿ ಮಠಗಳು. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಬಾಯಿಪಾಠ ಮಾಡುವುದು ಅಲ್ಲಿನ ಕ್ರಮ. ಸರ್ಕಾರದ ವತಿಯಿಂದ ಹೋಬಳಿಗೊಂದರಂತೆ ಶಾಲೆ ತೆರೆಯುವ ಯೋಜನೆಯನ್ನು ಬಿ.ಎಲ್. ರೈಸ್ ಅವರು ರೂಪಿಸಿದ್ದು 1868ರಲ್ಲಿ. ಅಷ್ಟು ಹೊತ್ತಿಗೆ ವೆಂಕಟಕೃಷ್ಣಯ್ಯನವರಿಗೆ 24 ವರ್ಷ ವಯಸ್ಸಾಗಿತ್ತು. ಆದ್ದರಿಂದ ಅವರ ತಲೆಮಾರಿನ ಹಳ್ಳಿಯ ಬಾಲಕರು ಹೆಚ್ಚಿನ ವಿದ್ಯೆ ಪಡೆಯಬೇಕಾದರೆ ಮನೆ ಬಿಟ್ಟು ಪಟ್ಟಣ ಸೇರುವುದು ಅನಿವಾರ್ಯವಾಗಿತ್ತು.

ವಿದ್ಯಾಭ್ಯಾಸ

ವೆಂಕಟಕೃಷ್ಣಯ್ಯನವರು ಮೈಸೂರಿನ ರಾಜಾ ಶಾಲೆಯಲ್ಲಿ ವ್ಯಾಸಂಗ ಮಾಡಿದರು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವಂತ ವೆಚ್ಚದಿಂದ ಸ್ಥಾಪಿಸಿದ ಇಂಗ್ಲಿಷ್ ಉಚಿತ ಶಾಲೆ ಇದು. ಅಧಿಕಾರ ಕಳೆದುಕೊಂಡ ಎರಡೇ ವರ್ಷಗಳಲ್ಲಿ ಮಹಾರಾಜರು ಈ ಶಾಲೆಯನ್ನು ತೆರೆದರೆಂಬುದು ಗಮನಾರ್ಹ. ಕಾಲಾನಂತರ ಇದೇ ಶಾಲೆಯು ಬೆಳೆದು ಮಹಾರಾಜ ಪ್ರೌಢಶಾಲೆ ಹಾಗೂ ಮಹಾರಾಜ ಕಾಲೇಜುಗಳಿಗೆ ಮೂಲವಾಯಿತು.

ಶುಲ್ಕವಿಲ್ಲದ ಶಾಲೆಯೊಂದು ಇದ್ದುದರಿಂದ ಮಗ್ಗೆಯಂತಹ ಗ್ರಾಮದ ಬಾಲಕನಿಗೆ ಇಂಗ್ಲಿಷ್ ವಿದ್ಯೆಯ ಬಾಗಿಲು ತೆರೆಯಿತು. ಉಚಿತ ಶಿಕ್ಷಣದ ಬೆಲೆಯನ್ನು ಅವರು ಮೊದಲು ಅರಿತದ್ದು ವಿದ್ಯಾರ್ಥಿಯಾಗಿ. ಮುಂದೆ ಶಿಕ್ಷಕರಾದಾಗ ಅವರು ಆರಿಸಿಕೊಂಡ ದಾರಿಗೆ ಈ ಹಿನ್ನೆಲೆಯೇ ಕಾರಣವೆಂದು ತಿಳಿಯಬಹುದು.

ಗುರಿಕಾರ ಮರಿಮಲ್ಲಪ್ಪನವರ ದತ್ತಿ

ವೆಂಕಟಕೃಷ್ಣಯ್ಯನವರ ಜೀವನವನ್ನು ತಿಳಿಯಲು ಅವರು ದುಡಿದ ಶಾಲೆಯ ಇತಿಹಾಸವನ್ನು ತಿಳಿಯುವುದು ಅವಶ್ಯಕ. ಮರಿಮಲ್ಲಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಸೇವೆಯಲ್ಲಿದ್ದ ಗುರಿಕಾರರು. ಅವರು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕಾಗಿ ಬಿಟ್ಟುಹೋದರು. ಆ ದತ್ತಿಯಿಂದ 1876ರಲ್ಲಿ ಅವರ ಹೆಸರಿನ ಶಾಲೆಯು ಆರಂಭವಾಯಿತು.

ಆ ಕಾಲದಲ್ಲಿ ಶ್ರೀಮಂತರ ದಾನವೆಂದರೆ ಸಾಮಾನ್ಯವಾಗಿ ದೇವಾಲಯ, ಛತ್ರ, ಕೆರೆ, ಅರವಟ್ಟಿಗೆ ಅಥವಾ ಮಠಕ್ಕೆ ಸಲ್ಲುತ್ತಿತ್ತು. ಅರಮನೆಯ ನೌಕರರೊಬ್ಬರ ಸಂಪತ್ತು ಶಾಲೆಗೆ ಸಂದದ್ದು ಹೊಸ ಕಾಲದ ಲಕ್ಷಣ. ದತ್ತಿಯ ಆಡಳಿತ ಕ್ರಮವನ್ನೂ ಇಲ್ಲಿ ಹೇಳುವುದು ಉಚಿತ. ದತ್ತಿಯಲ್ಲಿ ಮೂಲಧನವನ್ನು ಮುಟ್ಟುವಂತಿಲ್ಲ. ಅದರಿಂದ ಬರುವ ಬಡ್ಡಿ ಅಥವಾ ಬಾಡಿಗೆಯನ್ನು ಮಾತ್ರ ಉದ್ದೇಶಿತ ಕಾರ್ಯಕ್ಕೆ ವೆಚ್ಚ ಮಾಡಬೇಕು. ಹೀಗೆ ಮಾಡಿದರೆ ದಾನಿಯ ಕಾಲಾನಂತರವೂ ಕಾರ್ಯವು ನಿಲ್ಲುವುದಿಲ್ಲ. ಆದರೆ ಬಡ್ಡಿಯು ಮಿತವಾದದ್ದು. ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ ಶಿಕ್ಷಕರ ವೇತನ, ಕಟ್ಟಡ, ಪೀಠೋಪಕರಣಗಳ ವೆಚ್ಚವೂ ಬೆಳೆಯುತ್ತದೆ. ಆದ್ದರಿಂದ ಇಂತಹ ಶಾಲೆಯನ್ನು ನಡೆಸುವವರಿಗೆ ಪ್ರತಿ ವರ್ಷವೂ ಆದಾಯ ಮತ್ತು ವೆಚ್ಚಗಳನ್ನು ಸರಿದೂಗಿಸುವ ಹೊಣೆ ಇರುತ್ತದೆ. ಶುಲ್ಕ ಹೆಚ್ಚಿಸಿದರೆ ಬಡವರು ಹೊರಗುಳಿಯುತ್ತಾರೆ. ಹೆಚ್ಚಿಸದಿದ್ದರೆ ಶಾಲೆ ಸೊರಗುತ್ತದೆ. ದತ್ತಿ ಶಾಲೆಯ ಮುಖ್ಯೋಪಾಧ್ಯಾಯರು ಪಾಠ ಹೇಳುವುದರ ಜೊತೆಗೆ ಊರಿನ ಗಣ್ಯರ ವಿಶ್ವಾಸವನ್ನೂ ಗಳಿಸಿಕೊಂಡಿರಬೇಕಾಗಿತ್ತು.

ಕ್ಷಾಮದ ವರ್ಷಗಳು

ಶಾಲೆಯು ಆರಂಭವಾದ 1876ನೇ ವರ್ಷವು ಮೈಸೂರು ಸೀಮೆಯ ಅತ್ಯಂತ ದುಃಖದ ಕಾಲದ ಮೊದಲ ವರ್ಷವೂ ಹೌದು. ಮಳೆ ಕೈಕೊಟ್ಟು 1876ರಿಂದ 1878ರವರೆಗೆ ಭೀಕರ ಕ್ಷಾಮ ಉಂಟಾಯಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರ ಜನಗಣತಿಯಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆಯು ಎಂಟು ಲಕ್ಷಕ್ಕೂ ಮೀರಿ ಕಡಿಮೆಯಾಯಿತೆಂದರೆ ಆ ಕ್ಷಾಮದ ಪ್ರಮಾಣವನ್ನು ಊಹಿಸಬಹುದು. ಇಂತಹ ಕ್ಷಾಮವು ಅನೇಕ ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿತು.

ಮೈಸೂರಿನ ಈ ಪ್ರೌಢಶಾಲೆಯು ಕಣ್ಣು ತೆರೆದದ್ದು ಇಂತಹ ಸಮಯದಲ್ಲಿ. ಅನ್ನವಿಲ್ಲದೆ ಅಕ್ಷರವಿಲ್ಲ ಎಂಬುದು ಆ ತಲೆಮಾರಿನ ಶಿಕ್ಷಕರು ಪುಸ್ತಕದಿಂದ ಕಲಿತ ಪಾಠವಲ್ಲ, ಕಣ್ಣಾರೆ ಕಂಡ ಸಂಗತಿ.

ಮುಖ್ಯೋಪಾಧ್ಯಾಯರಾಗಿ ಸೇವೆ

ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ಮೈಸೂರಿನ ಹಿರಿಯರ ನೆನಪಿನಲ್ಲಿ ಶಾಲೆಯ ಹೆಸರೂ ಅವರ ಹೆಸರೂ ಒಂದರೊಡನೊಂದು ಸೇರಿಕೊಂಡವು. ಆ ಅವಧಿಯಲ್ಲಿ ನಗರದ ಶಿಕ್ಷಣ ಕ್ಷೇತ್ರವು ವೇಗವಾಗಿ ಬೆಳೆಯುತ್ತಿತ್ತು. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ವೆಸ್ಲಿಯನ್ ಮಿಷನ್ನಿನವರೂ ನಗರದಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಅರಮನೆ, ಮಿಷನ್ ಹಾಗೂ ಸರ್ಕಾರ ಈ ಮೂರರ ಶಾಲೆಗಳ ನಡುವೆ ಮರಿಮಲ್ಲಪ್ಪ ಶಾಲೆಯು ಊರಿನವರ ದತ್ತಿಯಿಂದ ನಡೆಯುವ ಶಾಲೆಯಾಗಿ ತನ್ನದೇ ಸ್ಥಾನವನ್ನು ಪಡೆಯಿತು.

ಪ್ರೌಢಶಾಲೆಯ ವಿದ್ಯೆಯು ಆಗ ಒಂದು ಕುಟುಂಬದ ಸ್ಥಿತಿಯನ್ನೇ ಬದಲಿಸಬಲ್ಲದ್ದಾಗಿತ್ತು. ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಯುವಕನಿಗೆ ಸರ್ಕಾರಿ ಕಛೇರಿಗಳ ಗುಮಾಸ್ತೆ ಹುದ್ದೆಯಾಗಲಿ, ಶಾಲೆಯ ಉಪಾಧ್ಯಾಯ ಹುದ್ದೆಯಾಗಲಿ ದೊರೆಯುವ ಅವಕಾಶವಿತ್ತು. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಅಲ್ಲಿಯವರೆಗೂ ಉನ್ನತ ಪರೀಕ್ಷೆಗಳಿಗೆ ಮದರಾಸೇ ಗತಿಯಾಗಿತ್ತು.

ಅನಾಥಾಲಯ ಮತ್ತು ಬಡ ವಿದ್ಯಾರ್ಥಿಗಳ ಪೋಷಣೆ

ಹಳ್ಳಿಯಿಂದ ಬಂದ ಬಡ ಬಾಲಕರಿಗೆ ಊಟದ ವ್ಯವಸ್ಥೆಯು ಹೇಗಿತ್ತೆಂಬುದನ್ನು ಇಂದಿನವರು ತಿಳಿಯಬೇಕು. ವಾರಾನ್ನವೆಂಬ ಪದ್ಧತಿ ಆಗ ರೂಢಿಯಲ್ಲಿತ್ತು. ಅದರಂತೆ ವಿದ್ಯಾರ್ಥಿಯು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂಬಂತೆ ಊಟ ನಡೆಯುತ್ತಿತ್ತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಆ ಮನೆಯವರು ಊರಿಗೆ ಹೋದರೂ, ಮನೆಯಲ್ಲಿ ಸೂತಕವಾದರೂ ಬಾಲಕನಿಗೆ ಊಟವಿಲ್ಲ. ಮನೆಯವರ ದಯೆಗೆ ಪ್ರತಿಯಾಗಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಡುವುದೂ ಇತ್ತು. ಈ ಪದ್ಧತಿಯಿಂದ ಅನೇಕರು ಓದಿ ಮುಂದೆ ಬಂದರೆಂಬುದು ನಿಜ. ಆದರೆ ಇದು ಜಾತಿಯ ಎಲ್ಲೆಯೊಳಗೆ ನಡೆಯುತ್ತಿದ್ದ ವ್ಯವಸ್ಥೆಯೆಂಬುದೂ ಅಷ್ಟೇ ನಿಜ. ಊಟ ಹಾಕುವ ಮನೆಗಳೇ ಇಲ್ಲದ ಸಮುದಾಯಗಳ ಬಾಲಕರಿಗೆ ನಗರದಲ್ಲಿ ಈ ಆಸರೆಯೂ ಇರಲಿಲ್ಲ.

ಮೈಸೂರಿನ ಅನಾಥಾಲಯವು ವೆಂಕಟಕೃಷ್ಣಯ್ಯನವರ ಮುಂದಾಳುತನದಲ್ಲಿ ಬೆಳೆದ ಸಂಸ್ಥೆ. ಹೆತ್ತವರಿಲ್ಲದ ಮಕ್ಕಳಿಗೆ ಊಟ, ವಸತಿ ಮತ್ತು ವಿದ್ಯೆಗಳನ್ನು ಒಂದೇ ಸೂರಿನಡಿ ಒದಗಿಸುವುದು ಇಂತಹ ಸಂಸ್ಥೆಯ ಉದ್ದೇಶ. ವಾರಾನ್ನಕ್ಕೂ ಅನಾಥಾಲಯಕ್ಕೂ ಇರುವ ವ್ಯತ್ಯಾಸವು ಚಿಕ್ಕದಲ್ಲ. ವಾರಾನ್ನದಲ್ಲಿ ಬಾಲಕನು ಪ್ರತಿದಿನವೂ ಒಬ್ಬರ ಮನೆಯ ಬಾಗಿಲಲ್ಲಿ ನಿಲ್ಲಬೇಕು. ಸಂಸ್ಥೆಯಲ್ಲಾದರೆ ದಾನಿಗಳ ಬಾಗಿಲಲ್ಲಿ ನಿಲ್ಲುವ ಕೆಲಸ ಸಂಸ್ಥೆಯ ಹಿರಿಯರದು. ಬಾಲಕನ ಕೆಲಸ ಓದುವುದು ಮಾತ್ರ. ಬಡ ವಿದ್ಯಾರ್ಥಿಗಳ ಪರವಾಗಿ ಊರಿನ ಅನುಕೂಲಸ್ಥರಲ್ಲಿ ಕೇಳುವ ಕಾರ್ಯವನ್ನು ವೆಂಕಟಕೃಷ್ಣಯ್ಯನವರು ತಮ್ಮ ಮೇಲೆ ವಹಿಸಿಕೊಂಡರು. ಅವರ ಈ ಗುಣಕ್ಕಾಗಿ ಮೈಸೂರಿನ ಅರಸರಿಂದ ದಯಾಸಾಗರ ಎಂಬ ಬಿರುದೂ ಅವರಿಗೆ ಸಂದಿತು.

ಪತ್ರಿಕಾ ಸೇವೆ

ಶಾಲೆಯ ಗೋಡೆಗಳೊಳಗಿನ ಪಾಠವಷ್ಟೇ ಸಾಲದೆಂಬುದು ವೆಂಕಟಕೃಷ್ಣಯ್ಯನವರ ನಿಲುವಾಗಿತ್ತೆಂದು ಅವರ ಪತ್ರಿಕೆಗಳಿಂದ ತಿಳಿಯುತ್ತದೆ. 1885ರಲ್ಲಿ ಅವರು ಮೈಸೂರಿನಿಂದ ವೃತ್ತಾಂತ ಚಿಂತಾಮಣಿ ಎಂಬ ಪತ್ರಿಕೆಯನ್ನು ಆರಂಭಿಸಿದರು. 1899ರಲ್ಲಿ ಸಾಧ್ವಿ ಪತ್ರಿಕೆಯು ಹೊರಬಂದಿತು. ಸಂಪದಭ್ಯುದಯ ಅವರ ಮತ್ತೊಂದು ಪ್ರಮುಖ ಕನ್ನಡ ಪತ್ರಿಕೆ. ಮೈಸೂರ್ ಹೆರಾಲ್ಡ್, ಮೈಸೂರ್ ಪೇಟ್ರಿಯಟ್ ಮುಂತಾದ ಇಂಗ್ಲಿಷ್ ಪತ್ರಿಕೆಗಳೊಂದಿಗೂ ಅವರ ಹೆಸರು ಸೇರಿಕೊಂಡಿದೆ. ಮೈಸೂರಿನ ಪತ್ರಿಕೋದ್ಯಮದ ಪಿತಾಮಹರೆಂದು ಅವರನ್ನು ಗೌರವಿಸುವುದು ಈ ಕಾರಣದಿಂದಲೇ.

ಆ ಕಾಲದಲ್ಲಿ ಪತ್ರಿಕೆ ನಡೆಸುವುದು ಲಾಭದ ವ್ಯವಹಾರವಾಗಿರಲಿಲ್ಲ. ಓದು ಬಲ್ಲವರು ಕಡಿಮೆ. ಅವರಲ್ಲಿ ಚಂದಾ ಕೊಡಬಲ್ಲವರು ಇನ್ನೂ ಕಡಿಮೆ. ಕಾಗದ, ಅಚ್ಚಿನ ಮೊಳೆ, ಅಂಚೆ ವೆಚ್ಚಗಳನ್ನು ಮುಂಗಡವಾಗಿ ಭರಿಸಬೇಕಾಗಿತ್ತು. ಒಂದು ಪ್ರತಿಯನ್ನು ಅನೇಕರು ಓದುತ್ತಿದ್ದರೇ ಹೊರತು ಅನೇಕ ಪ್ರತಿಗಳು ಮಾರಾಟವಾಗುತ್ತಿರಲಿಲ್ಲ. ಹೀಗಿದ್ದರೂ ಮುಖ್ಯೋಪಾಧ್ಯಾಯರೊಬ್ಬರು ಒಂದರ ನಂತರ ಒಂದರಂತೆ ಪತ್ರಿಕೆಗಳನ್ನು ಹೊರಡಿಸಿದ್ದು ಜನರಿಗೆ ಆಡಳಿತದ ವಿಷಯವನ್ನು ತಿಳಿಸಬೇಕೆಂಬ ಉದ್ದೇಶದಿಂದ.

1908ರ ಪತ್ರಿಕಾ ಶಾಸನ

ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸರ್ಕಾರವು ವೃತ್ತಪತ್ರಿಕೆಗಳನ್ನು ನಿಯಂತ್ರಿಸುವ ಶಾಸನವೊಂದನ್ನು ಜಾರಿಗೆ ತಂದಿತು. ಸದರಿ ಶಾಸನದಂತೆ ಪತ್ರಿಕೆಯನ್ನು ಪ್ರಕಟಿಸಲು ಸರ್ಕಾರದ ಅನುಮತಿ ಕಡ್ಡಾಯವಾಯಿತು. ಸರ್ಕಾರವು ಬಯಸಿದಾಗ ಆ ಅನುಮತಿಯನ್ನು ಹಿಂಪಡೆಯಬಹುದಾಗಿತ್ತು.

ವೆಂಕಟಕೃಷ್ಣಯ್ಯನವರಿಗೆ ಆಗ 64 ವರ್ಷ. ಅನುಮತಿ ಪಡೆದು, ಬರವಣಿಗೆಯನ್ನು ಮೃದುಗೊಳಿಸಿ, ಪತ್ರಿಕೆಗಳನ್ನು ಉಳಿಸಿಕೊಳ್ಳುವ ದಾರಿ ಅವರ ಮುಂದಿತ್ತು. ಅವರು ಅದನ್ನು ಒಪ್ಪಲಿಲ್ಲ. ಪ್ರತಿಭಟನೆಯ ರೂಪದಲ್ಲಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಶ್ರಮದಿಂದ ಕಟ್ಟಿದ್ದನ್ನು ಸ್ವತಃ ಕೈಯಾರೆ ನಿಲ್ಲಿಸುವುದು ಸುಲಭದ ತೀರ್ಮಾನವಲ್ಲ. ಸಂಸ್ಥಾನದ ಅರಸರಲ್ಲಿ ಅವರಿಗೆ ಅಪಾರ ಗೌರವವಿತ್ತು. ಆದರೆ ಆ ಗೌರವವು ಸರ್ಕಾರದ ತಪ್ಪನ್ನು ತಪ್ಪೆಂದು ಹೇಳಲು ಅಡ್ಡಿಯಾಗಬಾರದೆಂಬುದನ್ನು ಅವರು ನಡೆದು ತೋರಿಸಿದರು. ಮುಂದೆ ಸನ್ನಿವೇಶ ಬದಲಾದ ಮೇಲೆ ಅವರು ಪತ್ರಿಕಾ ಕ್ಷೇತ್ರಕ್ಕೆ ಮರಳಿದರು. ಸಾಧ್ವಿ ಪತ್ರಿಕೆಯು ಕಾಲಾನಂತರ ಅಗರಂ ರಂಗಯ್ಯನವರ ಸಂಪಾದಕತ್ವದಲ್ಲಿ ಮುಂದುವರಿಯಿತು.

ಪ್ರಜಾಪ್ರತಿನಿಧಿ ಸಭೆ

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರಾ ಸಮಯದಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ಸಂಸ್ಥಾನದ ಆದಾಯ ಮತ್ತು ವೆಚ್ಚಗಳ ವರದಿಯನ್ನು ದಿವಾನರು ಪ್ರಜೆಗಳ ಪ್ರತಿನಿಧಿಗಳ ಮುಂದೆ ಓದುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ನಿವೇದಿಸುತ್ತಿದ್ದರು. ಆರಂಭದಲ್ಲಿ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಕೇಳುವ ಹಾಗೂ ಹೇಳುವ ಅವಕಾಶ ಮಾತ್ರ ಇತ್ತು. ವೆಂಕಟಕೃಷ್ಣಯ್ಯನವರು ಈ ಸಭೆಯ ಸದಸ್ಯರಾಗಿ ಆ ಅವಕಾಶವನ್ನು ಬಳಸಿಕೊಂಡರು. ತರಗತಿಯಲ್ಲಿ ಶಿಕ್ಷಕರಾಗಿ, ಪತ್ರಿಕೆಯಲ್ಲಿ ಸಂಪಾದಕರಾಗಿ, ಸಭೆಯಲ್ಲಿ ಪ್ರತಿನಿಧಿಯಾಗಿ ಅವರು ಮಾಡಿದ ಕೆಲಸಗಳು ಮೂರಾದರೂ ಉದ್ದೇಶ ಒಂದೇ ಆಗಿತ್ತು.

ಸಾಹಿತ್ಯ ಸೇವೆ

ವೆಂಕಟಕೃಷ್ಣಯ್ಯನವರು ಕನ್ನಡದಲ್ಲಿ ಹಲವು ಗ್ರಂಥಗಳನ್ನು ರಚಿಸಿದರು. ಅವುಗಳಲ್ಲಿ ಅಮೆರಿಕದ ಬೂಕರ್ ಟಿ. ವಾಷಿಂಗ್ಟನ್ ಅವರ ಚರಿತ್ರೆಯು ಇಲ್ಲಿ ಮುಖ್ಯವಾಗಿ ಉಲ್ಲೇಖನೀಯ. ಗುಲಾಮರ ಕುಟುಂಬದಲ್ಲಿ ಹುಟ್ಟಿದ ವಾಷಿಂಗ್ಟನ್ ಅವರು 1881ರಲ್ಲಿ ಅಲಬಾಮಾ ಪ್ರಾಂತ್ಯದ ಟಸ್ಕೆಗೀ ಎಂಬಲ್ಲಿ ಕರಿಯ ಜನಾಂಗದ ಯುವಕ ಯುವತಿಯರಿಗಾಗಿ ಆರಂಭವಾದ ಶಾಲೆಯ ಮುಖ್ಯಸ್ಥರಾದರು. ಅಲ್ಲಿನ ವಿದ್ಯಾರ್ಥಿಗಳು ತಾವೇ ಇಟ್ಟಿಗೆ ಸುಟ್ಟು ಶಾಲೆಯ ಕಟ್ಟಡಗಳನ್ನು ಕಟ್ಟಿದರು. ಓದಿನೊಡನೆ ಕೈಕಸುಬನ್ನೂ ಕಲಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಮೈಸೂರಿನ ಶಿಕ್ಷಕರೊಬ್ಬರು ಈ ಕಥೆಯನ್ನು ಕನ್ನಡದ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಹುಟ್ಟಿನಿಂದ ಬಂದ ಬಡತನವೂ ಅವಮಾನವೂ ವಿದ್ಯೆಯಿಂದ ನೀಗಬಲ್ಲವೆಂಬುದಕ್ಕೆ ದೂರದ ದೇಶದ ಈ ಬಾಳು ನಿದರ್ಶನವಾಗಿತ್ತು.

1922ರಲ್ಲಿ ದಾವಣಗೆರೆಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವೆಂಕಟಕೃಷ್ಣಯ್ಯನವರು ವಹಿಸಿದ್ದರು. ಆಗ ಅವರಿಗೆ 78 ವರ್ಷ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರಿಗೆ ನಾಡಿನ ಸಾಹಿತ್ಯ ವೇದಿಕೆಯಲ್ಲಿ ದೊರೆತ ಈ ಸ್ಥಾನವು ಶಿಕ್ಷಕ ವೃತ್ತಿಗೇ ಸಂದ ಗೌರವ.

ಕೊನೆಯ ದಿನಗಳು

ವೆಂಕಟಕೃಷ್ಣಯ್ಯನವರು 1933ರಲ್ಲಿ, 89ರ ವಯಸ್ಸಿನಲ್ಲಿ ನಿಧನರಾದರು. ಅವರ ದೀರ್ಘ ಬಾಳಿನಲ್ಲಿ ಸಂಸ್ಥಾನವು ಬಹಳವಾಗಿ ಬದಲಾಗಿತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣ ಶಾಸನ ಬಂದಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಹಾಗೂ ಶಿಕ್ಷಣದಲ್ಲಿ ಅವಕಾಶ ಒದಗಿಸಲು ಶಿಫಾರಸು ಮಾಡಿತು. ವಾರಾನ್ನದ ಪದ್ಧತಿಯು ತಲುಪದಿದ್ದ ಮನೆಗಳ ಮಕ್ಕಳಿಗೆ ಸರ್ಕಾರದ ವಿದ್ಯಾರ್ಥಿವೇತನಗಳು ಹಾಗೂ ವಿದ್ಯಾರ್ಥಿನಿಲಯಗಳು ತಲುಪುವ ದಾರಿ ನಿಧಾನವಾಗಿ ತೆರೆಯಿತು. ವ್ಯಕ್ತಿಗಳ ದಯೆಯಿಂದ ನಡೆಯುತ್ತಿದ್ದ ಕಾರ್ಯವು ಹೀಗೆ ಕ್ರಮೇಣ ಸರ್ಕಾರದ ಕರ್ತವ್ಯವಾಯಿತು.

ಶಾಲೆಯ ಮುಂದುವರಿಕೆ ಮತ್ತು ಇಂದಿನ ಸೌಲಭ್ಯಗಳು

ಮೈಸೂರಿನ ಸೀತಾವಿಲಾಸ ರಸ್ತೆಯಲ್ಲಿರುವ ಮರಿಮಲ್ಲಪ್ಪ ವಿದ್ಯಾಸಂಸ್ಥೆಯು ಇಂದಿಗೂ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳನ್ನು ನಡೆಸುತ್ತಿದೆ. ದಾನಿಯ ಹೆಸರನ್ನು ಉಳಿಸಿಕೊಂಡು ನೂರೈವತ್ತು ವರ್ಷಗಳ ಕಾಲ ನಡೆದುಬಂದಿರುವುದೇ ಈ ಶಾಲೆಯ ಹಿರಿಯ ಸಂಪ್ರದಾಯ. ಮೈಸೂರು ನಗರದಲ್ಲಿ ತಾತಯ್ಯನವರ ಪ್ರತಿಮೆಯನ್ನೂ ಸ್ಥಾಪಿಸಲಾಗಿದೆ.

ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆಯನ್ನು 2007ರಲ್ಲಿ ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳಿಗೂ ವಿಸ್ತರಿಸಲಾಯಿತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿದ ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕಾಗಿದ್ದ ಬಾಲಕನ ಕಾಲದಿಂದ ಶಾಲೆಯಲ್ಲಿಯೇ ಬಿಸಿಯೂಟ ದೊರೆಯುವ ಕಾಲದವರೆಗಿನ ದಾರಿ ದೀರ್ಘವಾದದ್ದು. ಆ ದಾರಿಯ ಮೊದಲ ಹೆಜ್ಜೆಗಳನ್ನು ಇಟ್ಟವರಲ್ಲಿ ಗುರಿಕಾರ ಮರಿಮಲ್ಲಪ್ಪನವರೂ ತಾತಯ್ಯನವರೂ ಸೇರಿದ್ದಾರೆ.

ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಅಥವಾ ಶುಲ್ಕ ವಿನಾಯಿತಿಗಾಗಿ ಅರ್ಜಿ ಸಲ್ಲಿಸುವ ಪೋಷಕರು ಹಾಗೂ ವಿದ್ಯಾರ್ಥಿಗಳು ಯಾವ ಸಂಕೋಚವನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಅರ್ಹರಿಗೆ ಇವು ನ್ಯಾಯವಾಗಿ ಸಲ್ಲಬೇಕಾದ ಸೌಲಭ್ಯಗಳು. ಅರ್ಜಿಯನ್ನು ಸ್ವೀಕರಿಸುವ ಮೇಜಿನ ಈ ಬದಿಯಲ್ಲಿ ಕುಳಿತಿರುವವರೂ ಅದರ ಹಿಂದೆ ಓದು ನಿಂತುಹೋಗಬಹುದಾದ ಮಗುವೊಂದಿದೆ ಎಂಬುದನ್ನು ಮರೆಯಬಾರದು. ತಾತಯ್ಯನವರ ಬಾಳು ನೆನಪಿಸುವುದು ಇದನ್ನೇ.